ನೂರು ಜನ ಸೇರಿದರೂ ಕೆಲಸ ಯಾಕೆ ಆಗುವುದಿಲ್ಲ? ಅಮೆರಿಕದ ಪ್ರೋಗ್ರೆಸಿವ್ ಕಾಕಸ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಅಮೆರಿಕದ ಸಂಸತ್ತಿನಲ್ಲಿ ಪ್ರಗತಿಪರರ ಬಣ ಬೆಳೆಯುತ್ತಿದೆ, ಸುಮಾರು ನೂರು ಜನ ಇದ್ದಾರೆ ಅಂತ ಓದಿದೆ. ಹಾಗಿದ್ದರೆ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ, ಇವೆಲ್ಲ ಯಾಕೆ ಇನ್ನೂ ಆಗಿಲ್ಲ? ಪ್ರಭಾವ ನಿಜಕ್ಕೂ ಜಾಸ್ತಿಯಾಗಿದೆಯಾ, ಇಲ್ಲ ಬರೀ ಸದ್ದಾ? ಇಂಥದ್ದೊಂದು ಬಣ ನಮ್ಮ ವಿಧಾನಸೌಧದಲ್ಲಿ ಯಾಕೆ ಹುಟ್ಟುವುದಿಲ್ಲ?

ಉತ್ತರ: ಪ್ರಭಾವ ಜಾಸ್ತಿಯಾಗಿದೆ. ಆದರೆ ಪಾಸಾದ ಕಾನೂನುಗಳ ಪಟ್ಟಿ ಹಿಡಿದು ಹುಡುಕಿದರೆ ಅದರಲ್ಲಿ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಕಾಣಬೇಕಾದರೆ ಮಸೂದೆ ಮತಕ್ಕೆ ಬರುವ ಮುಂಚಿನ ವಾರಗಳಲ್ಲಿ ಏನು ನಡೆಯಿತು ಅಂತ ನೋಡಬೇಕು. ಅದಕ್ಕೆ 2021ರ ಕೊನೆಯ ತಿಂಗಳುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಾಳಿ.

ನೀವು ಹೇಳುತ್ತಿರುವ ಬಣದ ಹೆಸರು ಕಾಂಗ್ರೆಷನಲ್ ಪ್ರೋಗ್ರೆಸಿವ್ ಕಾಕಸ್. ಇದು ಡೆಮಾಕ್ರಟಿಕ್ ಪಕ್ಷದ ಒಳಗಿನ ಬಣ. ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಸಂಸತ್ತು. ಕಾಕಸ್ ಅನ್ನುವುದಕ್ಕೆ ನಮ್ಮ ಪತ್ರಿಕೆಗಳ "ಬಣ" ಅನ್ನುವ ಪದ ಹತ್ತಿರ ಬರುತ್ತದೆ, ಆದರೆ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಬಣಕ್ಕೆ ಒಬ್ಬ ನಾಯಕನ ಹೆಸರಿರುತ್ತದೆ. ಇವರ ಬಣ, ಅವರ ಬಣ. ಆ ಬಣ ಇದೆ ಅಂತ ಯಾರೂ ಒಪ್ಪಿಕೊಳ್ಳುವುದೂ ಇಲ್ಲ, "ನಮ್ಮಲ್ಲಿ ಬಣವೇ ಇಲ್ಲ" ಅಂತಲೇ ಎಲ್ಲರೂ ಹೇಳುತ್ತಾರೆ. ಅಲ್ಲಿನ ಕಾಕಸ್‌ಗೆ ಸದಸ್ಯರ ಪಟ್ಟಿ, ನಿಯಮ, ಅಧ್ಯಕ್ಷರ ಚುನಾವಣೆ ಎಲ್ಲ ಇದೆ. ಎಲ್ಲವೂ ಬಹಿರಂಗ.

ಇದು ಶುರುವಾಗಿದ್ದು 1991ರಲ್ಲಿ. ಇದ್ದವರು ಆರೇ ಜನ. ಅವರಲ್ಲಿ ಒಬ್ಬರು ಆ ವರ್ಷವಷ್ಟೇ ವರ್ಮಾಂಟ್ ರಾಜ್ಯದಿಂದ ಹೊಸದಾಗಿ ಬಂದಿದ್ದ ಬರ್ನಿ ಸ್ಯಾಂಡರ್ಸ್. ಅವರು ಡೆಮಾಕ್ರಟಿಕ್ ಪಕ್ಷದವರಲ್ಲ, ಪಕ್ಷೇತರರು. ಆದರೂ ಬಣದ ಮೊದಲ ಅಧ್ಯಕ್ಷರು ಅವರೇ. ಕ್ಯಾಲಿಫೋರ್ನಿಯಾದ ಮ್ಯಾಕ್ಸಿನ್ ವಾಟರ್ಸ್ ಕೂಡ ಆ ಆರು ಜನರಲ್ಲಿದ್ದರು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ವರ್ಷ ಅದು. ಎಡಕ್ಕೆ ವಾಲಿದ ಮಾತಾಡಿದರೆ ಯಾರೂ ಕಿವಿಗೊಡದ ಕಾಲ.

ಮೊದಲ ಇಪ್ಪತ್ತು ವರ್ಷ ಈ ಬಣದ ಪ್ರಭಾವ ಎಷ್ಟಿತ್ತು ಅಂತ ಹೇಳುವುದಕ್ಕೆ ಒಂದು ಸಂಖ್ಯೆ ಸಾಕು: 420–1. ಸೆಪ್ಟೆಂಬರ್ 11ರ ದಾಳಿಯಾಗಿ ಮೂರು ದಿನಕ್ಕೆ, 2001ರ ಸೆಪ್ಟೆಂಬರ್ 14ರಂದು, ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಕೆಳಮನೆಗೆ ಬಂತು. ವಿರೋಧಿಸಿದ್ದು ಬಾರ್ಬರಾ ಲೀ ಒಬ್ಬರೇ. ಮುಂದೆ ಅವರು ಈ ಕಾಕಸ್‌ನ ಸಹ ಅಧ್ಯಕ್ಷರೂ ಆದರು. ಆ ಒಂಟಿ "ಇಲ್ಲ"ಕ್ಕೆ ನನಗೆ ಗೌರವವಿದೆ. ಅಫ್ಘಾನಿಸ್ತಾನದ ಯುದ್ಧ ಇಪ್ಪತ್ತು ವರ್ಷ ಎಳೆದ ಮೇಲೆ ಬೇಕಾದಷ್ಟು ಜನ ಅವರನ್ನು ನೆನೆಸಿಕೊಂಡರು. ಆದರೆ ಅವತ್ತು ಆ ಮತದಿಂದ ಒಂದು ಅಕ್ಷರವೂ ಬದಲಾಗಲಿಲ್ಲ.

ಹಾಗಾದರೆ "ಇಲ್ಲ" ಅನ್ನುವುದಕ್ಕೆ ಬೆಲೆ ಯಾವಾಗ ಬರುತ್ತದೆ? ನಿಮ್ಮ "ಇಲ್ಲ"ದಿಂದ ಎದುರಿನವರ ಕೆಲಸ ನಿಂತಾಗ. ಸಂತೆಯಲ್ಲಿ ಚೌಕಾಸಿ ಮಾಡಿದವರಿಗೆಲ್ಲ ಇದು ಗೊತ್ತು. ಎದ್ದು ಹೋಗುತ್ತೇನೆ ಅಂತ ಎದ್ದು ನಿಂತರೆ, ಅಂಗಡಿಯವನಿಗೂ ಇವನು ಹೋಗಿಯೇ ಬಿಡಬಹುದು ಅನ್ನಿಸಬೇಕು.

ಇಲ್ಲೇ ಈ ಬಣ ಬಹಳ ಕಾಲ ಸೋತಿದ್ದು. 2010ರ ಹೊತ್ತಿಗೆ ಹೆಸರು ಕೊಟ್ಟವರು ಎಂಬತ್ತರ ಆಸುಪಾಸು ಇದ್ದರು. ಆದರೆ ಹೆಸರು ಕೊಡುವುದು ಸುಲಭವಾಗಿತ್ತು. ಕ್ಷೇತ್ರದ ಎಡಪಂಥೀಯ ಮತದಾರರಿಗೆ ತೋರಿಸಲು ಒಂದು ಬ್ಯಾಡ್ಜ್ ಇದ್ದ ಹಾಗೆ. ಉದ್ಯಮಗಳಿಗೆ ಹತ್ತಿರವಾದ ನ್ಯೂ ಡೆಮಾಕ್ರಟ್ ಕೂಟದಲ್ಲೂ ಇದ್ದು, ಇಲ್ಲೂ ಇದ್ದವರು ಹಲವರು. ಎರಡು ದೋಣಿ ಮೇಲೆ ಕಾಲು ಅಂತೀವಲ್ಲ, ಹಾಗೆ. ಅಲ್ಲಿ ಸ್ಪೀಕರ್ ಅಂದರೆ ಕೆಳಮನೆಯಲ್ಲಿ ಬಹುಮತದ ಪಕ್ಷದ ನಾಯಕರೂ ಹೌದು. ಅವರಿಗೆ ಗೊತ್ತಿತ್ತು: ಇವರು ಪತ್ರ ಬರೆಯುತ್ತಾರೆ, ಸುದ್ದಿಗೋಷ್ಠಿ ಮಾಡುತ್ತಾರೆ, ಕೊನೆಗೆ ಬಂದು "ಹೌದು" ಬಟನ್ ಒತ್ತುತ್ತಾರೆ. ಒಬಾಮಾ ಕಾಲದ ಆರೋಗ್ಯ ವಿಮೆ ಮಸೂದೆಯಲ್ಲಿ ಹಾಗೇ ಆಯಿತು. ಸರ್ಕಾರವೇ ನಡೆಸುವ ವಿಮೆಯ ಆಯ್ಕೆ ಇಲ್ಲದಿದ್ದರೆ ಒಪ್ಪುವುದಿಲ್ಲ ಅಂದವರು 2010ರ ಮಾರ್ಚಿನಲ್ಲಿ ಅದಿಲ್ಲದೆಯೇ ಒಪ್ಪಿದರು.

ಬದಲಾವಣೆ ಎರಡು ಕಡೆಯಿಂದ ಬಂತು. ಒಂದು ಹೊರಗಿನಿಂದ. 2018ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಅವರು ಪಕ್ಷದ ಹಿರಿಯ ನಾಯಕ ಜೋ ಕ್ರೌಲಿ ಅವರನ್ನು ಪ್ರೈಮರಿಯಲ್ಲಿ ಸೋಲಿಸಿದರು. ಪ್ರೈಮರಿ ಅಂದರೆ ಪಕ್ಷದ ಟಿಕೆಟ್ ಯಾರಿಗೆ ಅಂತ ಮತದಾರರೇ ತೀರ್ಮಾನಿಸುವ ಚುನಾವಣೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಆ ವರ್ಷ ಇಲ್ಹಾನ್ ಒಮರ್, ರಶೀದಾ ತ್ಲೈಬ್, ಅಯಾನಾ ಪ್ರೆಸ್ಲಿ ಕೂಡ ಗೆದ್ದರು. ಕ್ಯಾಮೆರಾಗಳೆಲ್ಲ ಈ ನಾಲ್ವರ ಹಿಂದೆ ಹೋದವು.

ಎರಡನೆಯ ಬದಲಾವಣೆ ಒಳಗಿನದು. ಅದಕ್ಕೆ ಅಷ್ಟು ಸುದ್ದಿ ಸಿಗಲಿಲ್ಲ. ನನ್ನ ಪ್ರಕಾರ ಅದೇ ದೊಡ್ಡದು. ಚೆನ್ನೈನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಓದಲು ಅಮೆರಿಕಕ್ಕೆ ಹೋಗಿ, ಸಿಯಾಟಲ್‌ನಿಂದ 2016ರಲ್ಲಿ ಗೆದ್ದ ಪ್ರಮೀಳಾ ಜಯಪಾಲ್ ಆಗ ಸಹ ಅಧ್ಯಕ್ಷರಾಗಿದ್ದರು. 2020ರ ಕೊನೆಯಲ್ಲಿ ಅವರು ಕಾಕಸ್‌ನ ನಿಯಮಗಳನ್ನೇ ಬದಲಿಸಿದರು. ಇಬ್ಬರು ಅಧ್ಯಕ್ಷರ ಬದಲು ಒಬ್ಬರು. ಮೂರನೇ ಎರಡರಷ್ಟು ಸದಸ್ಯರು ಒಂದು ನಿಲುವಿಗೆ ಬಂದರೆ ಅದು ಬಣದ ನಿಲುವು. ಅಂಥ ವಿಷಯಗಳಲ್ಲಿ ಶೇ 66ರಷ್ಟು ಸಲವಾದರೂ ಬಣದ ಜೊತೆ ನಿಲ್ಲದವರು ಬಣದಿಂದ ಹೊರಗೆ ಹೋಗಬೇಕಾಗಬಹುದು. ಸಭೆಗೆ ಬರದೆ ಬರೀ ಹೆಸರು ಇಟ್ಟುಕೊಳ್ಳುವಂತೆಯೂ ಇಲ್ಲ. ಕೇಳಿದರೆ ನಮ್ಮೂರಿನ ಹಾಲಿನ ಸೊಸೈಟಿ ನಿಯಮದಂತಿದೆ, ಅಲ್ವಾ? ಸಂಘಟನೆ ಅಂದರೆ ಅಷ್ಟೇ. ಬ್ಯಾಡ್ಜ್‌ಗೆ ಮೊದಲ ಸಲ ಬೆಲೆ ತೆರಬೇಕಾಯಿತು.

ಈಗ 2021ಕ್ಕೆ ಬರೋಣ. ಜೋ ಬೈಡನ್ ಅಧ್ಯಕ್ಷರಾಗಿದ್ದರು. ಕೆಳಮನೆಯ 435 ಸ್ಥಾನಗಳಲ್ಲಿ ಡೆಮಾಕ್ರಟರು ಗೆದ್ದಿದ್ದು 222. ಅಂದರೆ ನಾಲ್ಕೈದು ಮಂದಿ ಕೈಕೊಟ್ಟರೂ ಮಸೂದೆ ಬೀಳುತ್ತದೆ. ಇತ್ತ ಕಾಕಸ್‌ನಲ್ಲಿ ತೊಂಬತ್ತಕ್ಕೂ ಹೆಚ್ಚು ಜನ. ಮೇಲ್ಮನೆ ಸೆನೆಟ್‌ನಲ್ಲಿ 50–50.

ಎರಡು ಮಸೂದೆಗಳಿದ್ದವು. ಒಂದು ರಸ್ತೆ, ಸೇತುವೆ, ರೈಲು, ಕುಡಿಯುವ ನೀರಿನ ಪೈಪುಗಳದ್ದು. ಒಟ್ಟು ಸುಮಾರು 1.2 ಲಕ್ಷ ಕೋಟಿ ಡಾಲರ್. ಅದು ಆಗಸ್ಟ್ 10ರಂದೇ ಸೆನೆಟ್‌ನಲ್ಲಿ 69–30ರಿಂದ ಪಾಸಾಗಿತ್ತು. ರಿಪಬ್ಲಿಕನ್ನರೂ ಒಪ್ಪಿದ್ದರು. ಇನ್ನೊಂದು ಪ್ರಗತಿಪರರಿಗೆ ಬೇಕಾಗಿದ್ದು: ಮಕ್ಕಳ ಪಾಲನೆ, ಸಂಬಳ ಸಹಿತ ರಜೆ, ಹಿರಿಯರ ಆರೈಕೆ, ಔಷಧಿ ಬೆಲೆ, ಹವಾಮಾನ. ಅದರ ಅಂದಾಜು 3.5 ಲಕ್ಷ ಕೋಟಿ ಡಾಲರ್. ಪಕ್ಷದೊಳಗಿನ ಮಧ್ಯಮ ಮಾರ್ಗಿಗಳಿಗೆ ಮೊದಲನೆಯದು ಸಾಕಿತ್ತು. ಅದನ್ನು ಮೊದಲು ಪಾಸು ಮಾಡಿ ಅಂತ ಅವರು ಹಟ ಹಿಡಿದರು. ಸ್ಪೀಕರ್ ನ್ಯಾನ್ಸಿ ಪೆಲೋಸಿ ಸೆಪ್ಟೆಂಬರ್ 27 ಅಂತ ದಿನಾಂಕವನ್ನೂ ಕೊಟ್ಟರು.

ಜಯಪಾಲ್ ಬಣದ ಲೆಕ್ಕ ಸರಳವಾಗಿತ್ತು. ರಸ್ತೆ ಮಸೂದೆ ಪಾಸಾದ ಮರುದಿನ ಎರಡನೆಯದನ್ನು ಕೇಳುವವರೇ ಇರುವುದಿಲ್ಲ. ಆದ್ದರಿಂದ ಎರಡೂ ಒಟ್ಟಿಗೆ ಬರಲಿ, ಅಲ್ಲಿಯವರೆಗೆ ರಸ್ತೆಗೂ ಮತ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಅವರು "ಬೇಡ" ಅನ್ನಲಿಲ್ಲ, "ಈಗ ಬೇಡ" ಅಂದರು. ರಸ್ತೆಯೂ ಬೇಕು, ನಮ್ಮದೂ ಬೇಕು, ಅಧ್ಯಕ್ಷರ ಪೂರ್ತಿ ಕಾರ್ಯಕ್ರಮವನ್ನು ಉಳಿಸುತ್ತಿರುವವರು ನಾವೇ ಅಂದರು. ಬಂಡಾಯಗಾರರು ಅನ್ನುವ ಹಣೆಪಟ್ಟಿ ಹೀಗೆ ಮಧ್ಯಮ ಮಾರ್ಗಿಗಳ ಹಣೆಗೆ ಹೋಯಿತು. ಇಷ್ಟು ಜಾಣತನದ ಪಟ್ಟನ್ನು ಈ ಬಣ ಅದಕ್ಕೂ ಮುಂಚೆ ಹಾಕಿರಲಿಲ್ಲ.

ಪೆಲೋಸಿ ಕೊಟ್ಟ ದಿನಾಂಕ ದಾಟಿತು. ಸೆಪ್ಟೆಂಬರ್ ಮುಗಿಯಿತು. ಅಕ್ಟೋಬರ್ 1ರಂದು ಬೈಡನ್ ಖುದ್ದಾಗಿ ಸಂಸತ್ ಭವನಕ್ಕೆ ಬಂದರು. ಮತ ಹಾಕಿ ಅಂತ ಒತ್ತಾಯಿಸುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಆರು ನಿಮಿಷವೋ, ಆರು ದಿನವೋ, ಆರು ವಾರವೋ, ಕೆಲಸ ಆದರೆ ಸಾಕು ಅನ್ನುವ ಅರ್ಥದ ಮಾತಾಡಿ ಹೊರಟರು. ಬಣ ಗೆದ್ದಿತ್ತು. ಅಕ್ಟೋಬರ್ ಕೊನೆಯಲ್ಲಿ ಮತ್ತೊಂದು ಸಲ ಮತ ಮುಂದಕ್ಕೆ ಹೋಯಿತು.

ಆಮೇಲೆ? ಸೆನೆಟ್‌ನಲ್ಲಿ ಅವರದೇ ಪಕ್ಷದ, ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್ ಕದಲಲಿಲ್ಲ. ವರ್ಜೀನಿಯಾದ ಗವರ್ನರ್ ಚುನಾವಣೆಯಲ್ಲಿ ಪಕ್ಷ ಸೋತಿತು. ನವೆಂಬರ್ 5ರ ರಾತ್ರಿ, ಐವರು ಮಧ್ಯಮ ಮಾರ್ಗಿಗಳಿಂದ "ಖರ್ಚಿನ ಲೆಕ್ಕ ಸರಿ ಬಂದರೆ ಎರಡನೆಯದಕ್ಕೂ ಮತ ಹಾಕುತ್ತೇವೆ" ಅನ್ನುವ ಲಿಖಿತ ಮಾತು ಪಡೆದು, ಬಣ ಪಟ್ಟು ಸಡಿಲಿಸಿತು. ರಸ್ತೆ ಮಸೂದೆ 228–206ರಿಂದ ಪಾಸಾಯಿತು.

ಈ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಿ. 228ರಲ್ಲಿ 13 ಮತ ರಿಪಬ್ಲಿಕನ್ನರದು. ಅಂದರೆ ಡೆಮಾಕ್ರಟರ ಮತ 215 ಮಾತ್ರ. ಒಕಾಸಿಯೊ-ಕೊರ್ಟೆಜ್, ಒಮರ್, ತ್ಲೈಬ್, ಪ್ರೆಸ್ಲಿ, ಕೋರಿ ಬುಷ್, ಜಮಾಲ್ ಬೋಮನ್ ಈ ಆರು ಜನ ವಿರೋಧಿಸಿದ್ದರು. ಪಕ್ಷದ ಮತಗಳಷ್ಟನ್ನೇ ನಂಬಿಕೊಂಡಿದ್ದರೆ ಆ ಆರು ಜನ ಮಸೂದೆಯನ್ನು ಬೀಳಿಸುತ್ತಿದ್ದರು. ಎದುರು ಪಕ್ಷದ 13 ಜನ ಬಂದಿದ್ದರಿಂದ ಅವರ "ಇಲ್ಲ" ಬಾರ್ಬರಾ ಲೀ ಅವರ "ಇಲ್ಲ"ದಂತೆಯೇ ಆಯಿತು. ಗೌರವದ್ದು, ಬೆಲೆ ಇಲ್ಲದ್ದು.

ಎರಡನೆಯ ಮಸೂದೆ ಸೊರಗಿ, ನವೆಂಬರ್ 19ರಂದು ಕೆಳಮನೆಯಲ್ಲಿ 220–213ರಿಂದ ಪಾಸಾಯಿತು. ಡಿಸೆಂಬರ್ 19ರ ಭಾನುವಾರ ಮ್ಯಾಂಚಿನ್ ಟೀವಿಯಲ್ಲಿ ಕೂತು ತಾನು ಒಪ್ಪುವುದಿಲ್ಲ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾವು ಹೇಳಿದ್ದು ಇದನ್ನೇ ಅಲ್ವಾ ಅಂತ ಆ ಆರು ಜನ ಕೇಳಿದರೆ ಉತ್ತರ ಕೊಡುವುದು ಕಷ್ಟವಿತ್ತು.

ಹಾಗಾದರೆ ಬಣ ಸೋತಿತಾ? ಇಲ್ಲಿ ನಾನು ಬಹಳ ಜನ ವಿಶ್ಲೇಷಕರ ಜೊತೆ ಒಪ್ಪುವುದಿಲ್ಲ. ಮದುವೆ ಮನೆಯಲ್ಲಿ ಅಡಿಗೆಯವರ ಜೊತೆ ಕೂತು ಪಟ್ಟಿ ಬರೆದವರಿಗೆ ಗೊತ್ತಿರುತ್ತದೆ. ದುಡ್ಡು ಸಾಲದೆ ಕೊನೆಗೆ ಏನು ಕಡಿತ ಮಾಡುತ್ತೀರಿ ಅನ್ನುವುದಕ್ಕಿಂತ, ಮೊದಲ ಪಟ್ಟಿ ಯಾರು ಬರೆದರು ಅನ್ನುವುದೇ ಊಟವನ್ನು ತೀರ್ಮಾನಿಸುತ್ತದೆ. ಪಟ್ಟಿಯಲ್ಲೇ ಇಲ್ಲದ ಹೋಳಿಗೆ ಎಲೆಗೆ ಬರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಅದೇ ಸತ್ತ ಮಸೂದೆಯ ಮೂಳೆಗಳಿಂದ ಇನ್ಫ್ಲೇಷನ್ ರಿಡಕ್ಷನ್ ಆಕ್ಟ್ ಎದ್ದು ಬಂತು. ಸೆನೆಟ್‌ನಲ್ಲಿ 51–50, ಅದೂ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಮತದಿಂದ. ಇಂಧನ ಮತ್ತು ಹವಾಮಾನಕ್ಕೆ ಸುಮಾರು 36,900 ಕೋಟಿ ಡಾಲರ್. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇನ್ನು ಮುಂದೆ ಕೆಲವು ಔಷಧಿಗಳ ಬೆಲೆಯನ್ನು ಕಂಪನಿಗಳ ಜೊತೆ ಚೌಕಾಸಿ ಮಾಡಬಹುದು. ಆ ವಿಮೆಯಲ್ಲಿರುವವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್‌ಗೆ ಸೀಮಿತ. ದೊಡ್ಡ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ. ಔಷಧಿ ಬೆಲೆಯ ಆ ಒಂದು ಸಾಲಿಗಾಗಿ ಈ ಬಣ ವರ್ಷಗಟ್ಟಲೆ ಜಗಳವಾಡಿತ್ತು. 2019ರಲ್ಲಿ ಸ್ವಂತ ಪಕ್ಷದ ಔಷಧಿ ಮಸೂದೆಯನ್ನೇ ತಡೆಯುವ ಬೆದರಿಕೆ ಹಾಕಿ ತಿದ್ದುಪಡಿ ಮಾಡಿಸಿಕೊಂಡಿತ್ತು. ಮಕ್ಕಳ ಪಾಲನೆ, ಸಂಬಳ ಸಹಿತ ರಜೆ ಹೋಯಿತು, ನಿಜ. ಆದರೂ 1991ರ ಆರು ಜನಕ್ಕೆ ಈ ಪಟ್ಟಿ ತೋರಿಸಿದ್ದರೆ ನಂಬುತ್ತಿದ್ದರೋ ಇಲ್ಲವೋ.

ನಿಮ್ಮ ಕನಿಷ್ಠ ಕೂಲಿಯ ಪ್ರಶ್ನೆ ಬೇಗ ಮುಗಿಯುತ್ತದೆ. ಕೆಳಮನೆ 2019ರ ಜುಲೈನಲ್ಲೇ 15 ಡಾಲರ್ ಮಸೂದೆಯನ್ನು 231–199ರಿಂದ ಪಾಸು ಮಾಡಿತ್ತು. ಸೆನೆಟ್‌ನಲ್ಲಿ ನಿಂತಿತು. ಅಲ್ಲಿ ಸಾಮಾನ್ಯ ಮಸೂದೆಗೆ 60 ಮತದ ಬೆಂಬಲ ಬೇಕು. ತೆರಿಗೆ, ಖರ್ಚಿಗೆ ಸಂಬಂಧಿಸಿದ್ದಕ್ಕೆ ಮಾತ್ರ ಒಂದು ಅಡ್ಡದಾರಿ ಇದೆ, ಅದರಲ್ಲಿ 51 ಸಾಕು. ಕೂಲಿ ಆ ದಾರಿಯಲ್ಲಿ ಬರುವುದಿಲ್ಲ ಅಂತ 2021ರಲ್ಲಿ ಸೆನೆಟ್‌ನ ನಿಯಮ ತಜ್ಞರು ಹೇಳಿದರು. ಸ್ಯಾಂಡರ್ಸ್ ಆದರೂ ಮತಕ್ಕೆ ಹಾಕಿದರು. 42–58ರಲ್ಲಿ ಬಿತ್ತು. ಅವರ ಕಡೆಯವರೇ ಎಂಟು ಮಂದಿ ವಿರೋಧಿಸಿದ್ದರು. ಈ ಬಣದ ಶಕ್ತಿಯೆಲ್ಲ ಕೆಳಮನೆಯಲ್ಲಿದೆ. ಬೀಗ ಇರುವುದು ಮೇಲ್ಮನೆಯಲ್ಲಿ.

ಆರೋಗ್ಯ ವಿಮೆಯ ಕಥೆ ಇನ್ನೂ ಉದ್ದ. ಎಲ್ಲರಿಗೂ ಮೆಡಿಕೇರ್ ಅನ್ನುವ ಮಸೂದೆ 2003ರಿಂದ ಬರುತ್ತಲೇ ಇದೆ. 2019ರಲ್ಲಿ ಜಯಪಾಲ್ ಹೊಸ ರೂಪದಲ್ಲಿ ತಂದಾಗ ನೂರಕ್ಕೂ ಹೆಚ್ಚು ಸದಸ್ಯರು ಸಹಿ ಹಾಕಿದ್ದರು. ಒಂದು ಸಲವೂ ಸದನದಲ್ಲಿ ಮತಕ್ಕೆ ಬಂದಿಲ್ಲ. ಇದಕ್ಕೊಂದು ಮಂಡ್ಯದ ಕೊಂಡಿಯೂ ಇದೆ. 2020ರ ಚುನಾವಣೆಗೆ ಮುಂಚೆ ಬೈಡನ್ ಮತ್ತು ಸ್ಯಾಂಡರ್ಸ್ ಕಡೆಯವರು ಕೂತು ಒಪ್ಪಂದಕ್ಕೆ ಬರಲಿ ಅಂತ ಆರು ಜಂಟಿ ತಂಡಗಳಾದವು. ಆರೋಗ್ಯದ ತಂಡಕ್ಕೆ ಒಂದು ಕಡೆಯಿಂದ ಜಯಪಾಲ್, ಇನ್ನೊಂದು ಕಡೆಯಿಂದ ಡಾ. ವಿವೇಕ್ ಮೂರ್ತಿ. ಮೂರ್ತಿ ಅವರ ಕುಟುಂಬದ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಆ ತಂಡದ ವರದಿ ಎಲ್ಲರಿಗೂ ಮೆಡಿಕೇರ್ ಅನ್ನಲಿಲ್ಲ, ಸರ್ಕಾರಿ ವಿಮೆಯ ಒಂದು ಆಯ್ಕೆ ಇರಲಿ ಅಂದಿತು. ಆ ಆಯ್ಕೆಯೂ ಆಮೇಲೆ ಬರಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ರಿಪಬ್ಲಿಕನ್ ಪಕ್ಷದ ಬಲಪಂಥೀಯ ಬಣ ಫ್ರೀಡಂ ಕಾಕಸ್ ಇದರ ಅರ್ಧವೂ ಇಲ್ಲ, ಮೂವತ್ತು-ನಲವತ್ತು ಜನ. ಆದರೆ ಅವರ ಸದ್ದೇ ಬೇರೆ. ಅವರ ಕಾಟಕ್ಕೆ 2015ರಲ್ಲಿ ಸ್ಪೀಕರ್ ಜಾನ್ ಬೋನರ್ ರಾಜೀನಾಮೆ ಕೊಟ್ಟರು. 2023ರ ಜನವರಿಯಲ್ಲಿ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಎಂಟೇ ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಸೇರಿ 216–210ರಿಂದ ಅವರನ್ನು ಇಳಿಸಿದರು. ಎಡದ ನೂರು ಜನ ಮಾಡಲಾಗದ್ದನ್ನು ಬಲದ ಎಂಟು ಜನ ಹೇಗೆ ಮಾಡಿದರು? ಸರ್ಕಾರ ನಿಂತುಹೋದರೆ ಅವರಿಗೆ ನಷ್ಟವಿಲ್ಲ. ಸರ್ಕಾರ ಕಡಿಮೆಯಾಗಲಿ ಅನ್ನುವುದೇ ಅವರ ವಾದ. ಪ್ರಗತಿಪರರಿಗೆ ಸರ್ಕಾರ ನಡೆಯಲೇಬೇಕು. ಮಕ್ಕಳ ಊಟ, ವಿಮೆ, ಪಿಂಚಣಿ ಎಲ್ಲ ಅದರಿಂದಲೇ. ಎದ್ದು ಹೋಗುತ್ತೇನೆ ಅಂತ ಅವರು ಎಷ್ಟೇ ಜೋರಾಗಿ ಹೇಳಿದರೂ ಅಂಗಡಿಯವನಿಗೆ ಗೊತ್ತು, ಮನೆಯಲ್ಲಿ ಮಕ್ಕಳು ಕಾಯುತ್ತಿದ್ದಾರೆ ಅಂತ.

ಬಣದ ಎಡವಟ್ಟುಗಳೂ ಇವೆ. 2022ರ ಅಕ್ಟೋಬರ್ 24ರಂದು ಉಕ್ರೇನ್ ಯುದ್ಧದ ಬಗ್ಗೆ, ರಷ್ಯಾ ಜೊತೆ ಮಾತುಕತೆಗೂ ಪ್ರಯತ್ನಿಸಿ ಅಂತ 30 ಸದಸ್ಯರ ಸಹಿಯ ಪತ್ರ ಹೊರಬಂತು. ಸಹಿ ಹಾಕಿಸಿಕೊಂಡಿದ್ದು ತಿಂಗಳುಗಳ ಹಿಂದೆ. ಸಹಿ ಹಾಕಿದವರೇ ತಬ್ಬಿಬ್ಬಾದರು. ಮರುದಿನವೇ ವಾಪಸ್. ಚುನಾವಣೆಗೆ ಎರಡು ವಾರ ಇರುವಾಗ ಇಂಥದ್ದು ಮಾಡಿಕೊಳ್ಳುವುದು ಅಂದರೆ! 2024ರಲ್ಲಿ ಪೆಟ್ಟು ಹೊರಗಿನಿಂದ ಬಂತು. ಬೋಮನ್ ಮತ್ತು ಬುಷ್ ಇಬ್ಬರೂ ತಮ್ಮ ಪಕ್ಷದ ಪ್ರೈಮರಿಯಲ್ಲೇ ಸೋತರು. ಗಾಜಾ ಯುದ್ಧದ ಬಗ್ಗೆ ಅವರು ತೆಗೆದುಕೊಂಡ ನಿಲುವಿಗೆ ಎದುರಾಗಿ ಇಸ್ರೇಲ್ ಪರ ಗುಂಪುಗಳು ಕೋಟಿಗಟ್ಟಲೆ ಡಾಲರ್ ಸುರಿದವು. 2018ರಲ್ಲಿ ಪ್ರಗತಿಪರರನ್ನು ಒಳಗೆ ತಂದ ಬಾಗಿಲಿನಿಂದಲೇ 2024ರಲ್ಲಿ ಇಬ್ಬರು ಹೊರಗೆ ಹೋದರು.

ಈ ಬಣವನ್ನೂ ಡಿಎಸ್‌ಎ ಅನ್ನುವ ಸಂಘಟನೆಯನ್ನೂ ಒಂದೇ ಅಂದುಕೊಳ್ಳಬೇಡಿ. ಡಿಎಸ್‌ಎ ಸಂಸತ್ತಿನ ಹೊರಗಿನ ಸಮಾಜವಾದಿ ಸಂಘಟನೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿ, ಈಗ ಮಿಷಿಗನ್‌ನಿಂದ ಆಯ್ಕೆಯಾಗಿರುವ ಶ್ರೀ ಥಾಣೇದಾರ್ 2023ರ ಅಕ್ಟೋಬರಿನಲ್ಲಿ ಬಿಟ್ಟಿದ್ದು ಈ ಡಿಎಸ್‌ಎಯನ್ನು. ನಮ್ಮಲ್ಲಿ ಕೆಲವರು ಅದನ್ನು ಕಾಕಸ್ ಬಿಟ್ಟರು ಅಂತ ಓದಿಕೊಂಡಿದ್ದರು.

ಕೊನೆಗೆ ವಿಧಾನಸೌಧ. ಇಂಥ ಬಣ ಇಲ್ಲಿ ಹುಟ್ಟದಿರಲು ಮುಖ್ಯ ಕಾರಣ 1985ರ ಪಕ್ಷಾಂತರ ನಿಷೇಧ ಕಾನೂನು. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗಬಹುದು. ಅಲ್ಲಿನ ಆರು ಜನ ಅಧ್ಯಕ್ಷರ ಮಸೂದೆಯನ್ನು ವಿರೋಧಿಸಿ ಮರುದಿನ ಆರಾಮಾಗಿ ಅದೇ ಪಕ್ಷದಲ್ಲಿ ಕೂತರು. ಇಲ್ಲಿ ಹಾಗಾಗುವುದಿಲ್ಲ. "ಈಗ ಬೇಡ" ಅನ್ನುವ ಮಧ್ಯದ ಮೆಟ್ಟಿಲೇ ನಮ್ಮಲ್ಲಿಲ್ಲ. ಒಂದೋ ಸುಮ್ನೆ ಕೈ ಎತ್ತಬೇಕು, ಇಲ್ಲವೋ ಪೂರ್ತಿ ಹೊರಗೆ. 2019ರಲ್ಲಿ ನೋಡಿದಿರಲ್ಲ. ರಾಜೀನಾಮೆ, ರೆಸಾರ್ಟ್, 99–105ರಲ್ಲಿ ಸರ್ಕಾರ ಪತನ, 17 ಶಾಸಕರ ಅನರ್ಹತೆ. ಅಷ್ಟೆಲ್ಲ ಆದರೂ ಯಾವ ಕಾನೂನಿನ ಯಾವ ಸಾಲು ಬದಲಾಗಲಿ ಅಂತ ಯಾರೂ ಕೇಳಿರಲಿಲ್ಲ. ಇನ್ನೊಂದು ಕಾರಣ ಟಿಕೆಟ್. ಅಲ್ಲಿ ಅದನ್ನು ಕ್ಷೇತ್ರದ ಮತದಾರರು ಕೊಡುತ್ತಾರೆ, ಇಲ್ಲಿ ಹೈಕಮಾಂಡ್. ಯಾರು ಟಿಕೆಟ್ ಕೊಡುತ್ತಾರೋ ಶಾಸಕರು ಅವರ ಮುಖವನ್ನೇ ನೋಡುತ್ತಾರೆ.

ಹಾಗಂತ ಪಟ್ಟಿ ಬರೆಯುವ ಕೆಲಸ ನಮ್ಮ ಸದನದಲ್ಲಿ ನಡೆದೇ ಇಲ್ಲ ಅನ್ನಲಾರೆ. 1951ರ ಕಾಗೋಡು ಸತ್ಯಾಗ್ರಹದ ಬೆನ್ನಿಗೇ, 1952ರಲ್ಲಿ ಶಾಂತವೇರಿ ಗೋಪಾಲಗೌಡರು ಶಾಸಕರಾಗಿ ಒಳಗೆ ಬಂದರು. ಅವರ ಹಿಂದೆ ದೊಡ್ಡ ಸಂಖ್ಯೆ ಯಾವತ್ತೂ ಇರಲಿಲ್ಲ. ಗೇಣಿದಾರರ ಮಾತನ್ನು ಬಿಡದೆ ಆಡುತ್ತಲೇ ಹೋದರು. 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿ ಕೊಡುವ ಭೂ ಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಆಗ ಮುಖ್ಯಮಂತ್ರಿ ದೇವರಾಜ ಅರಸು, ಅವರದು ಗೋಪಾಲಗೌಡರು ಜೀವನವಿಡೀ ಎದುರಿಸಿದ ಕಾಂಗ್ರೆಸ್ ಪಕ್ಷ.

ಇನ್ನು ಸದ್ಯದ ಸ್ಥಿತಿ. 2024ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ 220–215ರಿಂದ ಬಹುಮತ ಉಳಿಸಿಕೊಂಡರು. ಜಯಪಾಲ್ ನಂತರ ಟೆಕ್ಸಸ್‌ನ ಗ್ರೆಗ್ ಕಾಸರ್ ಕಾಕಸ್‌ನ ಅಧ್ಯಕ್ಷರಾದರು. ಅಲ್ಪಸಂಖ್ಯಾತ ಪಕ್ಷದ ಒಳಗಿನ ಬಣದ "ಇಲ್ಲ"ಕ್ಕೆ ಹೆಚ್ಚಿನ ದಿನ ಕಿಮ್ಮತ್ತು ಇರುವುದಿಲ್ಲ. ಈ ಬಣದ ಬಗ್ಗೆ ಮುಂದಿನ ಸಲ ಸುದ್ದಿ ಓದುವಾಗ ಒಟ್ಟು ಸದಸ್ಯರು ಎಷ್ಟು ಅಂತ ನೋಡಬೇಡಿ. ಪಕ್ಷದ ಬಹುಮತ ಎಷ್ಟು ಮತದ್ದು, ಎದುರು ಪಕ್ಷದಿಂದ ಎಷ್ಟು ಜನ ಈಚೆ ಬರಬಹುದು, ಈ ಎರಡನ್ನು ನೋಡಿ. 2021ರ ನವೆಂಬರಿನಲ್ಲಿ ಮೊದಲನೆಯದನ್ನು ಬಣ ಸರಿಯಾಗಿ ಎಣಿಸಿತ್ತು. ಆ 13 ಮತ ಬೇರೆಯವರ ಕೈಲಿದ್ದವು.